ನೈಸ್ ಗಂಡನ ಹೆಂಡತಿ

ಹೊಟ್ಟೆಕಿಚ್ಚಿಗೂ ಒಂದು ಮರ್ಯಾದೆ ಇರಬೇಕು. ಓರಗಿತ್ತಿಯ ಕಾಸಿನ ಸರ, ಎದುರುಮನೆಯವರ ಹೊಸ ಕಾರು, ಜೊತೆಯಲ್ಲೇ ಕೆಲಸಕ್ಕೆ ಸೇರಿ ಈಗ ನಮ್ಮ ಮೇಲಧಿಕಾರಿಯಾಗಿ ಕೂತಿರುವ ಗೆಳತಿ, ಇಂಥವಕ್ಕೆ ಉರಿದುಕೊಂಡರೆ ಲೋಕ ಅರ್ಥ ಮಾಡಿಕೊಳ್ಳುತ್ತದೆ, ಜೊತೆಗೆ ಕೂತು ಸ್ವಲ್ಪ ಉರಿದೂ ಕೊಡುತ್ತದೆ. ನನ್ನದು ಹಾಗೆ ಹೇಳಿಕೊಳ್ಳುವಂಥದ್ದಲ್ಲ. ನನಗೆ ಹೊಟ್ಟೆಕಿಚ್ಚು ಇರುವುದು ನನ್ನ ಗಂಡನ ಮೇಲೆ. ಅವರ ಸಂಬಳಕ್ಕಲ್ಲ, ಅದು ನನ್ನದಕ್ಕಿಂತ ಕಡಿಮೆ. ರೂಪಕ್ಕಲ್ಲ, ಆ ವಿಷಯ ನಾನು ಮಾತಾಡುವುದಿಲ್ಲ. ಇಂಗ್ಲಿಷಿನ ಒಂದು ಪುಟ್ಟ ವಿಶೇಷಣಕ್ಕೆ. ನೈಸ್. ನಮ್ಮ ಮದುವೆಯಾದಾಗಿನಿಂದ ಕಂಡ ಕಂಡವರೆಲ್ಲ ಆ ಪದವನ್ನು ತಂದು ಅವರ ಕೊರಳಿಗೆ ಹಾಕುತ್ತಾರೆ. ನನಗೆ ಸಿಗುವುದು ‘ಸ್ಟ್ರಿಕ್ಟ್’.

ತುಮಕೂರಿನಲ್ಲಿದ್ದಾಗ ಇದನ್ನು ಹೇಗೋ ನುಂಗಿಕೊಂಡಿದ್ದೆ. ನಮ್ಮ ಬ್ಯಾಂಕು ನನ್ನನ್ನು ವಿಶಾಖಪಟ್ಟಣಕ್ಕೆ ವರ್ಗ ಮಾಡಿದಾಗ ರೋಗ ಉಲ್ಬಣಿಸಿತು. ಅವರು ತಮ್ಮ ಕೆಲಸ ಬಿಟ್ಟು, ಪುಟ್ಟ ಮಗಳನ್ನು ಎತ್ತಿಕೊಂಡು ನನ್ನ ಹಿಂದೆಯೇ ಬಂದರು. ಪರವಾಡದ ಒಂದು ಔಷಧ ಕಾರ್ಖಾನೆಯ ಉಗ್ರಾಣದಲ್ಲಿ ಕೆಲಸ ಹಿಡಿದರು. ಬಂದ ವಾರದಲ್ಲೇ ಕಂಪನಿ ಬಸ್ಸಿಗೆ ಕಾಯುವವರೆಲ್ಲ ಅವರ ನೆಂಟರಾದರು. ನಾನು ತೆಲುಗಿನ ಒತ್ತಕ್ಷರ ಕಲಿಯುತ್ತ ಕೂತಿದ್ದರೆ ಅವರು ‘ಟಿಫಿನ್ ಅಯ್ಯಿಂದಾ ಅಂಡಿ?’ ಎಂಬ ಒಂದೇ ವಾಕ್ಯ ಕಲಿತು ಅಷ್ಟರಲ್ಲೇ ಊರನ್ನು ಗೆದ್ದರು. ತಿಂಡಿ ಆಯಿತೇ ಎಂದು ಕೇಳುವುದೂ ಒಂದು ಸಾಧನೆಯೇ? ಕೇಳಿ ತಿಂಡಿ ಕೊಡುವವರಂತೂ ಅಲ್ಲ.

ನಮ್ಮ ಅಪಾರ್ಟ್‌ಮೆಂಟಿನ ಸಂಘಕ್ಕೆ ಕಾರ್ಯದರ್ಶಿ ನಾನು. ಕೆಟ್ಟು ನಿಂತ ಲಿಫ್ಟಿಗಾಗಿ ದಿನಾ ಫೋನ್ ಮಾಡಿ, ಜಗಳವಾಡಿ, ಕೊನೆಗೆ ಲಿಫ್ಟ್ ಕಂಪನಿಯ ಆಫೀಸಿಗೇ ಹೋಗಿ ಕೂತು ಮೆಕ್ಯಾನಿಕ್‌ನನ್ನು ಎಳೆದು ತಂದವಳು ನಾನು. ಲಿಫ್ಟು ಮೊದಲ ಸಲ ಕೆಳಗಿಳಿದು ಬಂದಾಗ ಒಳಗೆ ನಿಂತಿದ್ದವರು ಮಾತ್ರ ನಮ್ಮನೆಯವರು. ಹಾಲು ತರಲು ಹೊರಟಿದ್ದರಂತೆ. ಮಂಡಿನೋವಿನ ಸತ್ಯವತಿ ಗಾರು ಎದುರಿಗೆ ಸಿಕ್ಕಿದ್ದಕ್ಕೆ ಬಾಗಿಲು ಹಿಡಿದುಕೊಂಡು ನಿಂತರು, ಅಷ್ಟೇ. ಆಕೆ ನಮ್ಮ ಮನೆಯವರೆಗೆ ಬಂದು, ನನ್ನ ಕೈ ಹಿಡಿದು, ‘ಮೀ ವಾರು ಚಾಲಾ ನೈಸ್ ಅಂಡಿ’ ಎಂದರು. ‘ನಿಮ್ಮ ಯಜಮಾನರು’ ಎಂಬುದಕ್ಕೆ ಅವರು ಹೇಳುವ ‘ಮೀ ವಾರು’ ನನ್ನ ಕಿವಿಗೆ ಅಂದಿನಿಂದ ಮಾರುವೇಷದ ಬೈಗುಳದಂತೆ ಕೇಳತೊಡಗಿತು.

ನಾನು ಪ್ರಯತ್ನ ಪಡಲಿಲ್ಲ ಅಂದುಕೊಳ್ಳಬೇಡಿ. ಅದೇ ಸತ್ಯವತಿ ಗಾರು ಒಂದು ಶುಕ್ರವಾರ ಪೂಜೆಗೆ ಕರೆದಿದ್ದರು. ಮನೆ ತುಂಬ ಸಂಪಿಗೆ ಹೂವು. ನಾನು ಒಳಗೆ ಕಾಲಿಡುತ್ತಲೇ ಎರಡು ಕೈ ಜೋಡಿಸಿ, ಇದ್ದಬದ್ದ ತೆಲುಗನ್ನೆಲ್ಲ ಒಟ್ಟು ಮಾಡಿ, ‘ಮೀ ಇಲ್ಲಂತಾ ಮಂಚಿ ಕಂಪು ಅಂಡಿ’ ಎಂದೆ. ಮಾತಾಡುತ್ತಿದ್ದ ಹೆಂಗಸರೆಲ್ಲ ಗಪ್‌ಚಿಪ್ಪಾದರು. ನಮಗೆ ಸುವಾಸನೆಯಾದ ಕಂಪು ಗಡಿ ದಾಟಿ ತೆಲುಗಿಗೆ ಬಂದರೆ ದುರ್ನಾತವಾಗುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ನಿಮ್ಮ ಮನೆಯೆಲ್ಲ ಒಳ್ಳೇ ಗಬ್ಬು ನಾತ ಎಂದು ಕೈಮುಗಿದು ಹೇಳಿ ಪ್ರಸಾದಕ್ಕೆ ಕೂತಿದ್ದೆ. ಆಮೇಲೆ ನಮ್ಮನೆಯವರು ಹೋಗಿ ವಿವರಿಸಿದರು. ವಿವರಿಸುವಾಗ ಅವರೂ ಇನ್ನೇನೋ ತಪ್ಪು ತೆಲುಗು ಆಡಿದರಂತೆ. ಅದಕ್ಕೆ ಆಕೆ ಹೊಟ್ಟೆ ಹಿಡಿದುಕೊಂಡು ನಕ್ಕು ಪುಳಿಯೋಗರೆ ಕಟ್ಟಿಕೊಟ್ಟರು. ತಪ್ಪು ನನ್ನದಾದರೆ ಅವಮಾನ, ಅವರದಾದರೆ ಮುದ್ದು.

ಈ ಸಂಕಟದ ನಡುವೆಯೇ ವರ್ಷಗಳು ಉರುಳಿ, ನನಗೆ ವಿಜಯವಾಡಕ್ಕೆ ವರ್ಗವಾಯಿತು. ಮಗಳು ಇಂಚರಳ ಎಂ.ಎ. ಓದು ವಿಶಾಖಪಟ್ಟಣದಲ್ಲಿ, ಅವರ ಕೆಲಸ ಪರವಾಡದಲ್ಲಿ. ಹಾಗಾಗಿ ನಾನೊಬ್ಬಳೇ ಹೊರಡುವುದೆಂದಾಯಿತು. ಸ್ಟೇಷನ್ನಿನಲ್ಲಿ ಅವರ ಕಣ್ಣು ಒದ್ದೆಯಾಗಿತ್ತು. ನನ್ನದೂ ಆಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ರೈಲು ಊರು ದಾಟುತ್ತಿದ್ದಂತೆ ಒಂದು ಯೋಚನೆ ಬಂದು ಕಣ್ಣು ತಾನೇ ಒಣಗಿತು. ವಿಜಯವಾಡದಲ್ಲಿ ಇವರನ್ನು ಕಂಡವರು ಯಾರೂ ಇಲ್ಲ! ಆ ಪದ ಅಲ್ಲಿ ಇನ್ನೂ ಯಾರ ಪಾಲಿಗೂ ಹೋಗಿಲ್ಲ. ಮೊದಲು ಹೋದವಳು ನಾನು.

ಹೊಸ ಮನೆಯಲ್ಲಿ ನಾನು ನೈಸ್ ಆಗಲು ಟೊಂಕ ಕಟ್ಟಿ ನಿಂತೆ. ಸಂಘದ ಸಭೆಗೆ ಹೋಗಿ ಬಾಯಿ ಬಿಡಲಿಲ್ಲ. ನೀರು ಬರದಿದ್ದರೂ ‘ಪರವಾಲೇದಂಡಿ’, ನನ್ನ ಜಾಗದಲ್ಲಿ ಯಾರೋ ಸ್ಕೂಟರ್ ನಿಲ್ಲಿಸಿದರೂ ‘ಪರವಾಲೇದಂಡಿ’. ಪಕ್ಕದ ಮನೆಯ ಅನಸೂಯ ಗಾರು ಬಂದು, ನಿಮ್ಮ ಬಾಲ್ಕನಿಗೆ ಬಿಸಿಲು ಚೆನ್ನಾಗಿ ಬೀಳುತ್ತದೆ, ಉಪ್ಪಿನಕಾಯಿಗೆ ಮಾವಿನ ಹೋಳು ಒಣಗಿಸಿಕೊಳ್ಳಲೇ ಎಂದರು. ಅಯ್ಯೋ, ಅದಕ್ಕೇನಂತೆ ಎಂದೆ. ಮರುದಿನ ಅವರ ನಾದಿನಿಯ ಹೋಳು ಬಂತು. ಆಮೇಲೆ ಮೇಲಿನ ಮನೆಯವರ ಸಂಡಿಗೆ, ಕೆಳಗಿನ ಮನೆಯವರ ಮೆಣಸಿನಕಾಯಿ. ವಿಜಯವಾಡದ ಬಿಸಿಲೆಂದರೆ ಕೇಳಬೇಕೆ? ಇಡೀ ಕಟ್ಟಡದ ವರ್ಷದ ಅಡುಗೆ ನನ್ನ ಬಾಲ್ಕನಿಯಲ್ಲಿ ಒಣಗುತ್ತಿತ್ತು. ನನ್ನ ಒದ್ದೆ ಬಟ್ಟೆಗಳು ಸ್ನಾನದ ಮನೆಯಲ್ಲಿ ಮುಗ್ಗುಲು ಹಿಡಿಯುತ್ತಿದ್ದವು. ನಾನು ಮಾತ್ರ ಸೀನುತ್ತಲೇ ನಗುತ್ತಿದ್ದೆ. ಒಂದು ಸಂಜೆ ಬ್ಯಾಂಕಿನಿಂದ ಬಂದು ಮೆಟ್ಟಿಲು ಹತ್ತುವಾಗ ಮೇಲೆ ಯಾರೋ ನನ್ನ ಬಗ್ಗೆಯೇ ಮಾತಾಡುವುದು ಕೇಳಿಸಿತು. ಉಸಿರು ಬಿಗಿಹಿಡಿದು ನಿಂತೆ. ಬಂತು ಇನ್ನೇನು ಆ ಪದ!

‘ಪಾಪಂ, ಆ ಮೇಡಂ ಒಟ್ಟಿ ಅಮಾಯಕುರಾಲು. ಏಮಿ ಅಡಿಗಿನಾ ಸರೇ ಅಂಟುಂದಿ.’

ಪಾಪ, ಏನೂ ತಿಳಿಯದವಳು, ಏನು ಕೇಳಿದರೂ ಸರಿ ಅನ್ನುತ್ತಾಳೆ. ಇಷ್ಟು ವರ್ಷದ ಸರ್ವಿಸ್ಸಿನಲ್ಲಿ ನನ್ನನ್ನು ಹಾಗೆ ಅಂದವರಿಲ್ಲ.

ಆ ಶನಿವಾರ ತಂದೆ-ಮಗಳು ನನ್ನನ್ನು ನೋಡಲು ಬಂದರು. ಸ್ಟೇಷನ್ನಿನಿಂದ ಬಂದು ಸ್ನಾನ ಮಾಡಿ, ಮೊಸರು ತರಲೆಂದು ಕೆಳಗೆ ಹೋದ ಮನುಷ್ಯ ಬೇಗ ಬರಲಿಲ್ಲ. ಬಂದಾಗ ಹಿಂದೆ ಅನಸೂಯ ಗಾರು, ಕೈಯಲ್ಲಿ ಗೊಂಗೂರ ಪಚ್ಚಡಿಯ ಬಟ್ಟಲು. ‘ಮೇಡಂ ಗಾರೂ, ಮೀ ವಾರು ಎಂತ ನೈಸ್ ಅಂಡಿ!’ ನಾನು ಸೀನಿದೆ.

ಬಾಗಿಲು ಹಾಕಿಕೊಂಡ ಮೇಲೆ ನಾನು ಸಿಡಿದೆ. ‘ಅದೇನು ಮಾಡ್ತೀರಿ ಹೇಳಿ ನೀವು? ಏನು ನೈಸು ಅಂತೀನಿ!’

ತಟ್ಟೆ ಹಾಕುತ್ತಿದ್ದ ಇಂಚರ ನಕ್ಕಳು. ಅವಳು ಓದುತ್ತಿರುವುದು ಇಂಗ್ಲಿಷ್ ಸಾಹಿತ್ಯ, ಮಾತಾಡುವುದು ಅರ್ಧ ತೆಲುಗು ಬೆರೆತ ಕನ್ನಡ. ‘ಅಮ್ಮಾ, ಅಸಲು ನೈಸ್ ಅಂಟೇ ಮೊದ್ಲು ಒಳ್ಳೇದು ಅಂತ ಅಲ್ವೇ ಅಲ್ಲ ಕದಾ. ಲ್ಯಾಟಿನ್‌ನಲ್ಲಿ ಏನೂ ಗೊತ್ತಿಲ್ಲದವನು ಅಂತ. ಫ್ರೆಂಚ್‌ಗೆ ಬಂದು ಪೆದ್ದ ಆಯ್ತು. ಇಂಗ್ಲಿಷ್‌ಗೆ ಬಂದಾಗ್ಲೂ ಪೆದ್ದನೇ.’

‘ಇನ್ನೊಂದು ಸಲ ಹೇಳು,’ ಎಂದೆ. ಎಷ್ಟೋ ವರ್ಷದ ನಂತರ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು.

ಅವಳು ಹೇಳಿದಳು. ಆ ಪದ ಪೆದ್ದನಿಂದ ಸೋಗಿನವನಾಯಿತಂತೆ, ಸೋಗಿನಿಂದ ಎಲ್ಲದಕ್ಕೂ ಮೂಗು ಮುರಿಯುವ ನಾಜೂಕಿನವನಾಯಿತಂತೆ. ನಾಜೂಕಿನಿಂದ ಕೂದಲು ಸೀಳಿದಂತೆ ಕರಾರುವಾಕ್ಕಾಗಿ ನೋಡುವವನಾಗಿ, ಬಹಳ ತಡವಾಗಿ ‘ಹಿತವಾದದ್ದು’ ಎಂಬ ಅರ್ಥಕ್ಕೆ ಬಂದು ಕೂತಿತಂತೆ. ಇದರಲ್ಲಿ ಆಶ್ಚರ್ಯವೇನೂ ಇಲ್ಲವೆಂದು ನನಗೂ ಹೊಳೆಯಿತು. ನಮ್ಮ ‘ಮುಗ್ಧ’ನೂ ಸಂಸ್ಕೃತದಲ್ಲಿ ದಿಕ್ಕುಗೆಟ್ಟ ದಡ್ಡನಾಗಿದ್ದವನೇ. ಈಗ ಮಗುವಿನ ನಗೆಗೆ ಆ ಪದ ಹಚ್ಚುತ್ತೇವೆ. ಇನ್ನು ನೈಸನ್ನು ನಾವು ಕನ್ನಡಿಗರು ಸಾಕಿಕೊಂಡ ರೀತಿಯೇ ಬೇರೆ. ದೋಸೆಹಿಟ್ಟನ್ನು ನೈಸಾಗಿ ರುಬ್ಬುತ್ತೇವೆ, ಕೆಲಸದ ಹೊತ್ತಿಗೆ ನೈಸಾಗಿ ಜಾರಿಕೊಳ್ಳುತ್ತೇವೆ, ಬೇಕಾದವರನ್ನು ನೈಸ್ ಮಾಡುತ್ತೇವೆ. ಇಂಗ್ಲಿಷರು ಮರೆತದ್ದನ್ನೆಲ್ಲ ನಾವು ಒಂದೇ ಪದದಲ್ಲಿ ಇಟ್ಟುಕೊಂಡಿದ್ದೇವೆ.

‘ಹಾಗಾದ್ರೆ ಕರಾರುವಾಕ್ಕಾಗಿರೋದು ಅಂದ್ರೆ ನಾನು. ಪೆದ್ದು ಅಂದ್ರೆ...’ ಎಂದು ನಾನು ಗಂಡನ ಕಡೆ ನೋಡಿದೆ.

‘ಸರಿಯಾಗೇ ಇದೆ,’ ಎಂದು ಅವರು ನಗುತ್ತ ಪಚ್ಚಡಿ ಕಲಸಿಕೊಂಡರು. ಹೊಟ್ಟೆಕಿಚ್ಚು ಪಡುವವರಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಎದುರಿನವರು ಒಪ್ಪಿಕೊಂಡುಬಿಡಬಾರದು.

ಮಗಳು ಮಾತ್ರ ನಗಲಿಲ್ಲ. ‘ಅಪ್ಪ ಪೆದ್ದೇ ಅಮ್ಮಾ. ಇಲ್ಲಾಂದ್ರೆ ಇಷ್ಟೊತ್ತಿಗೆ ಇಲ್ಲಿಗೇ ಬಂದಿರ್ತಿದ್ರು ಕದಾ,’ ಎಂದವಳು ತಟ್ಟನೆ ತುಟಿ ಕಚ್ಚಿಕೊಂಡಳು.

ಅವರು ಅನ್ನದಲ್ಲಿ ಗೆರೆ ಎಳೆಯತೊಡಗಿದರು. ನಾನು ಬಿಡಲಿಲ್ಲ. ನಿಧಾನವಾಗಿ ವಿಷಯ ಹೊರಬಿತ್ತು. ಅವರ ಕಂಪನಿಗೆ ಇಲ್ಲಿ ಇಬ್ರಾಹಿಂಪಟ್ನಂ ಕಡೆ ಒಂದು ಗೋದಾಮು ಇದೆ. ಅಲ್ಲಿಯ ಉಸ್ತುವಾರಿ ಕೆಲಸ ಇವರಿಗೇ ಎಂದು ಮಾತಾಗಿತ್ತು. ಇಲ್ಲಿ ಮನೆ, ಅಲ್ಲಿ ಕೆಲಸ, ದಿನಾ ಓಡಾಡಬಹುದಿತ್ತು. ಕೊನೆಯ ಗಳಿಗೆಯಲ್ಲಿ ಮ್ಯಾನೇಜರು ಇವರನ್ನು ಕರೆದು, ನೀವು ಇಲ್ಲಿಂದ ಹೋದರೆ ನಮಗೆ ಕಷ್ಟ, ಅದನ್ನು ಸಹೋದ್ಯೋಗಿ ಶ್ರೀನಿವಾಸ್ ಅವರಿಗೆ ಕೊಡುತ್ತೇನೆ, ನೀವು ನೈಸ್ ಮನುಷ್ಯ, ಏನೂ ಅಂದುಕೊಳ್ಳುವುದಿಲ್ಲ ಎಂದರಂತೆ.

‘ಅದಕ್ಕೆ ನೀವೇನಂದ್ರಿ?’

‘ಪರವಾಗಿಲ್ಲ ಸರ್ ಅಂದೆ.’

ಇಷ್ಟು ದಿನ ನಾನು ಪಟ್ಟಿದ್ದು ಹೊಟ್ಟೆಕಿಚ್ಚೇ ಅಲ್ಲ, ಬರೀ ಹೊಗೆ. ಉರಿ ಹತ್ತಿದ್ದು ಆಗ. ನಾನು ಕಂಡೇ ಇರದ ಆ ಮ್ಯಾನೇಜರನ ಮೇಲೆ ನನಗೆ ಸವತಿಯ ಮೇಲೆ ಬರುವಂಥ ಮತ್ಸರ ಬಂತು. ‘ಅವನ ಮನಸ್ಸು ನೋಯಬಾರ್ದು, ನಾನು ಇಲ್ಲಿ ಒಬ್ಳೇ ಸೀನ್ಕೊಂಡು ಬಿದ್ದಿರ್ಬಹುದು! ನನ್ನ ಬಿಟ್ಟಿರೋದು ಪರವಾಗಿಲ್ವೇನ್ರೀ ನಿಮ್ಗೆ?’ ಎಂದೆ.

ಅವರು ಕೈ ತೊಳೆದು ಬಂದು ನನ್ನೆದುರು ಕೂತರು. ಮುಖದಲ್ಲಿ ಆ ಊರು ಗೆಲ್ಲುವ ನಗು ಇರಲಿಲ್ಲ. ‘ವಸೂ, ನೀನು ಲಿಫ್ಟಿನವನಿಗೆ ಫೋನಲ್ಲಿ ‘‘ಆಗಲ್ಲ, ಇವತ್ತೇ ಬರ್ಬೇಕು’’ ಅಂತಿದ್ದೆಯಲ್ಲ, ನಾನು ಪಕ್ಕದ ರೂಮಲ್ಲಿ ಕೂತು ಕೇಳ್ತಿದ್ದೆ ಕಣೇ. ಎಷ್ಟು ಹೊಟ್ಟೆ ಉರೀತಿತ್ತು ಗೊತ್ತಾ? ಆ ‘‘ಆಗಲ್ಲ’’ ನನ್ನ ಬಾಯಲ್ಲಿ ಹುಟ್ಟೋದೇ ಇಲ್ಲ. ನನ್ನಿಂದ ಯಾರಿಗೂ ತೊಂದ್ರೆ ಇಲ್ಲ ಅನ್ನೋದನ್ನೇ ಜನ ನೈಸ್ ಅಂತಾರೆ. ನೀನೇನೋ ಅದನ್ನ ಚಿನ್ನ ಅಂದ್ಕೊಂಡಿದೀಯ.’

ನಾನು ಇದನ್ನು ನಿರೀಕ್ಷಿಸಿರಲಿಲ್ಲ. ಒಂದೇ ಸೂರಿನಡಿ ಇಬ್ಬರೂ ಒಬ್ಬರನ್ನೊಬ್ಬರು ಕಂಡು ಕರುಬುತ್ತ, ಇಬ್ಬರೂ ಬಾಯಿ ಬಿಡದೆ ಸಂಸಾರ ಮಾಡಿದ್ದೆವು.

ಭಾನುವಾರ ಪೂರ್ತಿ ತಾಲೀಮು ನಡೆಯಿತು. ನಾನು ಮ್ಯಾನೇಜರಾಗಿ ಕುರ್ಚಿಯಲ್ಲಿ ಕೂತೆ. ‘ಪ್ರಭಾಕರ್ ಗಾರು, ಇನ್ನೊಂದು ವರ್ಷ ಹೇಗೋ ಸುಧಾರಿಸಿಕೊಳ್ಳಿ.’

‘ಆಗಲಿ... ಅಲ್ಲ, ಆಗಲ್ಲ ಸರ್.’

‘ನಗಬೇಡ್ರಿ!’

‘ನಗದೆ ಹೇಗೇ ಮಾತಾಡೋದು?’

ಇಂಚರ ಹಾಸಿಗೆಯ ಮೇಲೆ ಬಿದ್ದು ಹೊರಳಾಡಿ ನಗುತ್ತಿದ್ದಳು. ಸಂಜೆಯ ಹೊತ್ತಿಗೆ ಅವರು ಒಂದು ಸಲ, ನಗದೆ, ನೆಟ್ಟಗೆ ನೋಡಿ, ‘ಆಗಲ್ಲ’ ಎಂದರು. ಕೇಳಿ ನನಗೇ ಸ್ವಲ್ಪ ಹೆದರಿಕೆಯಾಯಿತು. ಅವರನ್ನು ರೈಲು ಹತ್ತಿಸಿ ಬಂದವಳೇ ಅನಸೂಯ ಗಾರು ಅವರ ಮನೆಯ ಬಾಗಿಲು ತಟ್ಟಿ, ನಾಳೆಯಿಂದ ಬಾಲ್ಕನಿಯಲ್ಲಿ ನನ್ನ ಬಟ್ಟೆ ಮಾತ್ರ ಒಣಗುತ್ತದೆ ಎಂದು ಹೇಳಿದೆ. ಆಕೆ ನನ್ನನ್ನು ಮೊದಲ ಸಲ ನೋಡಿದವರಂತೆ ನೋಡಿದರು.

ಎರಡು ದಿನ ಬಿಟ್ಟು ಅವರ ಫೋನ್ ಬಂತು. ‘ಹೇಳ್ಬಿಟ್ಟೆ ಕಣೇ.’

‘ಏನಂದ್ರು? ಕೂಗಾಡಿದ್ರಾ?’

‘ಇಲ್ಲ, ಕಾಫಿ ತರಿಸಿದ್ರು.’

ಜೀವಮಾನವಿಡೀ ಆಗಲ್ಲ, ಆಗಲ್ಲ ಎಂದು ಹೇಳುತ್ತಲೇ ಬಂದಿದ್ದೇನೆ. ಒಬ್ಬರೂ ಒಂದು ಲೋಟ ನೀರು ತರಿಸಿಲ್ಲ. ಅಷ್ಟೇ ಅಲ್ಲ. ಆ ಶ್ರೀನಿವಾಸ್ ಅವರದ್ದು ವಿಶಾಖಪಟ್ಟಣದ ಪಕ್ಕದ ಭೀಮುನಿಪಟ್ಟಣದಲ್ಲಿ ಸ್ವಂತ ಮನೆಯಂತೆ. ಅವರಿಗೆ ಇಲ್ಲಿಗೆ ಬರುವುದು ಸುತರಾಂ ಬೇಕಿರಲಿಲ್ಲವಂತೆ. ಮ್ಯಾನೇಜರು ಕೇಳಿದ್ದಕ್ಕೆ ಇಲ್ಲ ಎನ್ನಲಾಗದೆ ಒಪ್ಪಿಕೊಂಡಿದ್ದರಂತೆ. ಅವರೂ ಬಹಳ ನೈಸ್ ಮನುಷ್ಯರಂತೆ. ಒಂದು ಕಂಪನಿಯಲ್ಲಿ ಇಂಥವರು ಇಬ್ಬರಿದ್ದರೆ ಅದು ಹೇಗೆ ನಡೆಯುತ್ತದೋ ನನಗೆ ಗೊತ್ತಾಗಲಿಲ್ಲ.

ಮಗಳನ್ನು ಹಾಸ್ಟೆಲಿಗೆ ಸೇರಿಸಿ, ಮುಂದಿನ ತಿಂಗಳು ಅವರು ವಿಜಯವಾಡಕ್ಕೆ ಬಂದರು. ನಾನು ಬಂದಾಗ ನನ್ನ ಪೆಟ್ಟಿಗೆಗಳನ್ನು ನಾನೇ ಹೊತ್ತಿದ್ದೆ. ಅವರ ಪೆಟ್ಟಿಗೆಗಳನ್ನು ಹೊರಲು ಅಪಾರ್ಟ್‌ಮೆಂಟಿನವರ ನಡುವೆ ಪೈಪೋಟಿ ನಡೆಯಿತು. ಅದನ್ನೂ ನೋಡಿದೆ, ನುಂಗಿಕೊಂಡೆ.

ಮೊನ್ನೆ ಬೆಳಿಗ್ಗೆ ವಾಕಿಂಗ್ ಮುಗಿಸಿ ಬಂದವರು ಚಪ್ಪಲಿ ಬಿಡುತ್ತ, ‘ಅನಸೂಯ ಗಾರು ಸಿಕ್ಕಿದ್ರು. ನಿನ್ನ ವಿಷಯ ಹೇಳ್ತಿದ್ರು,’ ಎಂದರು.

‘ಏನಂತೆ?’ ನಾನು ಒಗ್ಗರಣೆ ಕಡೆಯೇ ನೋಡುತ್ತಿದ್ದೆ.

‘ಮೇಡಂ ನೋಡೋಕೆ ಸ್ಟ್ರಿಕ್ಟು, ಆದ್ರೆ ತುಂಬಾ ನೈಸ್ ಅಂತ.’

ಸಾಸಿವೆ ಸೀದುಹೋಯಿತು. ಆ ದಿನ ಬ್ಯಾಂಕಿನಲ್ಲಿ ನಾನು ಇಬ್ಬರು ಗ್ರಾಹಕರನ್ನು ಟಿಫಿನ್ ಆಯಿತೇ ಎಂದು ಕೇಳಿದೆನಂತೆ, ಜೊತೆಯವರು ಹೇಳಿದರು. ಮಧ್ಯಾಹ್ನದ ಹೊತ್ತಿಗೆ ಸಣ್ಣದೊಂದು ಅನುಮಾನ ತಲೆ ಎತ್ತಿತು. ಆಕೆ ನಿಜವಾಗಿ ಹಾಗೆ ಅಂದರೋ, ಇಲ್ಲ ನನಗೆ ಖುಷಿಯಾಗಲೆಂದು ಇವರೇ ಕಟ್ಟಿ ಹೇಳಿದರೋ? ಈ ಮನುಷ್ಯ ಅಂಥದಕ್ಕೆ ಹೇಸುವವರಲ್ಲ. ಅನಸೂಯ ಗಾರು ಅವರ ಮನೆ ನಮ್ಮ ಬಾಗಿಲಿನ ಪಕ್ಕದಲ್ಲೇ ಇದೆ, ಹೋಗಿ ಒಂದು ಮಾತು ಕೇಳಿದರೆ ತಿಳಿಯುತ್ತದೆ. ಚೆಕ್ಕಿನ ಮೇಲಿನ ಸಹಿಯ ಬಾಲ ಒಂದಿಷ್ಟು ವಾರೆಯಾದರೂ ತಾಳೆ ನೋಡದೆ ಬಿಡದ ನಾನು, ಈವರೆಗೆ ಆ ಬಾಗಿಲು ತಟ್ಟಿಲ್ಲ.