ಈರಣ್ಣನ ಒಂದು ಬ್ರಾಕೆಟ್

ನನಗಿಂತ ಬುದ್ಧಿವಂತರಾದವರನ್ನು ನಾನು ಹೇಗೋ ಸಹಿಸಿಕೊಳ್ಳುತ್ತೇನೆ. ಆದರೆ ನನ್ನ ಹತ್ತಿರವೇ ಮೌಸ್ ಹಿಡಿಯುವುದನ್ನು ಕಲಿತು, ಮೂರನೆಯ ವಾರಕ್ಕೆ ನನ್ನನ್ನೇ ದಾಟಿ ಹೋದವನನ್ನು ಸಹಿಸುವುದು ಹೇಗೆ? ಎಂಜಿನಿಯರಿಂಗಿನ ಮೊದಲ ವರ್ಷ ನನಗೆ ಒದಗಿದ ಕಷ್ಟ ಇದು. ಆ ಕಷ್ಟದ ಹೆಸರು ಈರಣ್ಣ.

ನಾನು ರಾಜಾಜಿನಗರದವನು. ಎರಡು ಸಾವಿರದ ಇಸವಿ ದಾಟಿದ ಹೊಸತು. ನಮ್ಮ ಬೀದಿಯಲ್ಲಿ ಕಂಪ್ಯೂಟರ್ ಇದ್ದ ಎರಡು ಮನೆಗಳಲ್ಲಿ ನಮ್ಮದೊಂದು. ಪಿಯುಸಿ ಮುಗಿದ ರಜೆಯಲ್ಲಿ ವಿಜಯನಗರದಲ್ಲಿ ಸಿ ಭಾಷೆ ಕಲಿತು, ಸರ್ಟಿಫಿಕೇಟಿಗೆ ಲ್ಯಾಮಿನೇಷನ್ ಕೂಡ ಮಾಡಿಸಿದ್ದೆ. ಆ ಧೈರ್ಯದಲ್ಲಿ ಕೆಂಗೇರಿ ಕಡೆಯ ಕಾಲೇಜಿಗೆ ಸೇರಿದರೆ, ಮೇಷ್ಟ್ರು ಮೊದಲ ದಿನವೇ ಸಿ ಆಮೇಲಿರಲಿ, ಈಗ ಸ್ಕೀಮ್ ಎಂಬ ಭಾಷೆ ಕಲಿಸುತ್ತೇನೆ ಎಂದರು. ಕೆಲಸ ಕೊಡುವವರು ಯಾರೂ ಅದನ್ನು ಕೇಳುವುದಿಲ್ಲವಂತೆ, ಆದರೆ ಯೋಚಿಸುವುದನ್ನು ಕಲಿಯಲು ಅದರಷ್ಟು ಒಳ್ಳೆಯದು ಇನ್ನೊಂದಿಲ್ಲವಂತೆ. ಅಮ್ಮನಿಂದ ಈ ಸುದ್ದಿ ಪಕ್ಕದ ಮನೆ ಆಂಟಿಗೆ ಮುಟ್ಟಿ, ಆ ಸ್ಕೀಮಿನಲ್ಲಿ ಸೈಟು ಎಲ್ಲಿ ಕೊಡುತ್ತಾರೆ, ಬ್ಯಾಡರಹಳ್ಳಿ ಕಡೆಯಾ ಎಂದು ಅವರು ಆಸೆಯಿಂದ ವಿಚಾರಿಸಿದರು.

ಆ ಭಾಷೆಯಲ್ಲಿ ಬ್ರಾಕೆಟ್ಟುಗಳದೇ ದರ್ಬಾರು. ಎರಡಕ್ಕೆ ಮೂರು ಕೂಡಿಸಬೇಕಾದರೂ ಬ್ರಾಕೆಟ್ ತೆರೆಯಬೇಕು, ಮುಚ್ಚಬೇಕು. ಒಂದೇ ಕೆಲಸವನ್ನು ಹತ್ತು ಸಲ ಮಾಡಿಸಲು ನಾನು ಕಲಿತಿದ್ದ ಲೂಪನ್ನು ಮೇಷ್ಟ್ರು ಮುಟ್ಟಗೊಡಲಿಲ್ಲ. ಫಂಕ್ಷನ್ ಎಂದರೆ ಒಂದು ಕೆಲಸಕ್ಕೆ ಬರೆದಿಟ್ಟ ಸೂಚನೆಗಳ ಗಂಟು, ಅದು ತನ್ನನ್ನು ತಾನೇ ಕರೆದುಕೊಳ್ಳಬೇಕು ಎಂದರು. ತನ್ನನ್ನು ತಾನೇ ಕರೆದುಕೊಂಡರೆ ಬರುವವರು ಯಾರು ಎಂದು ನಾನು ತಲೆ ಕೆರೆದುಕೊಳ್ಳುತ್ತಿದ್ದರೆ, ಪಕ್ಕದಲ್ಲಿದ್ದ ಈರಣ್ಣ ಒಂದೇ ಬೆರಳಿನಲ್ಲಿ ಕುಟ್ಟಿ ಕುಟ್ಟಿ ಉತ್ತರ ತರಿಸಿಬಿಡುತ್ತಿದ್ದ. ಅವನು ರೋಣದ ಕಡೆಯ ಹಳ್ಳಿಯವನು, ದೀಪಾಂಜಲಿ ನಗರದಲ್ಲಿ ಅಣ್ಣನ ರೂಮಿನಲ್ಲಿದ್ದ. ಕಾಲೇಜಿಗೆ ಬರುವ ತನಕ ಕಂಪ್ಯೂಟರ್ ಮುಟ್ಟಿದವನಲ್ಲ. ಮರೆಯುವುದಕ್ಕೆ ಅವನ ತಲೆಯಲ್ಲಿ ಸಿ ಇರಲಿಲ್ಲ. ಹುಡುಗಿಯರು ಡೌಟು ಕೇಳಲು ನನ್ನನ್ನು ದಾಟಿಕೊಂಡು ಅವನ ಬಳಿ ಹೋಗುವಾಗಲೆಲ್ಲ, ಕರೆಂಟು ಹೋಗಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ.

ಲ್ಯಾಬ್ ಟೆಸ್ಟಿನ ದಿನ ಅವನು ಪ್ರೋಗ್ರಾಂ ಮುಗಿಸಿ ನೀರು ಕುಡಿಯಲು ಹೊರಗೆ ಹೋದ. ನನ್ನ ಪರದೆಯ ಮೇಲೆ ನನ್ನ ಹೆಸರು ಬಿಟ್ಟರೆ ಏನೂ ಇರಲಿಲ್ಲ. ಕೈ ತಾನಾಗಿ ಅವನ ಕೀಬೋರ್ಡಿನ ಕಡೆ ಹೋಯಿತು ಎನ್ನಲಾರೆ, ನಾನೇ ಕಳಿಸಿದೆ. ಬಾಗಿಲ ಕಡೆ ನೋಡುತ್ತಲೇ ನಡುವಿನ ಒಂದು ಬ್ರಾಕೆಟ್ ಅಳಿಸಿದೆ.

ಅವನು ಬಂದು ಓಡಿಸಿದರೆ ಪ್ರೋಗ್ರಾಂ ಓಡಲಿಲ್ಲ. ಸ್ವಲ್ಪ ಹೊತ್ತು ನೋಡಿ ನನ್ನ ಕಡೆ ತಿರುಗಿ, "ನೀವು ಮದಲ ಕಲ್ತವ್ರು, ಒಂಚೂರು ನೋಡ್ರಿ," ಎಂದ. ಸದ್ದಿಲ್ಲದೆ ವಾಪಸ್ಸು ಹಾಕಿಬಿಡೋಣ ಎಂದು ಬಗ್ಗಿದರೆ, ಎಲ್ಲಿಂದ ತೆಗೆದೆನೆಂದು ನನಗೇ ಗೊತ್ತಿಲ್ಲ! ಕೊನೆಗೊಂದು ಹಾಕಿದೆ, ಉತ್ತರ ತಪ್ಪು ಬಂತು. ನಡುವೆ ಹಾಕಿದೆ; ಇನ್ನೂ ತಪ್ಪಾಯಿತು. ಕೊನೆಗೆ ಈರಣ್ಣನೇ ಕುರ್ಚಿ ಹತ್ತಿರ ಎಳೆದುಕೊಂಡು, ಒಳಗಿನಿಂದ ಹೊರಗೆ ಓದಬೇಕು ಎಂದು ಬೆರಳಿಟ್ಟು ತೋರಿಸಿದ.

"ಬಸ್ಸಿನ ಸಾಲಿನ್ಯಾಗ ಎಷ್ಟು ಮಂದಿ ಅದಾರ ಅಂತ ನಿಮ್ಮ ಹಿಂದಿನವನ್ನ ಕೇಳ್ರಿ. ಅವ ತನ್ನ ಹಿಂದಿನವನ್ನ ಕೇಳ್ತಾನ. ಕಡೀಗೆ ನಿಂತಾವ ಒಂದು ಅಂತಾನ. ಒಬ್ಬೊಬ್ರು ಒಂದೊಂದು ಕೂಡಿಸ್ಕೋತ ಬಂದ್ರ ಉತ್ತರ ನಿಮ್ಮ ಕೈಗೇ ಬರ್ತೈತಿ."

ಫಂಕ್ಷನ್ ತನ್ನನ್ನು ತಾನು ಕರೆದರೆ ಬರುವವರು ಯಾರೆಂದು ನನಗೆ ಆಗ ತಿಳಿಯಿತು. ಬ್ರಾಕೆಟ್ಟಿನ ಜಾಗವೂ ಸಿಕ್ಕಿತು. ಅಷ್ಟರಲ್ಲಿ ಹಿಂದೆ ಬಂದು ನಿಂತಿದ್ದ ಮೇಷ್ಟ್ರು, ಟೆಸ್ಟಿನಲ್ಲಿ ಮಾತಾಡಬಾರದು ನಿಜ, ಆದರೆ ತನ್ನದನ್ನು ಬಿಟ್ಟು ಗೆಳೆಯನಿಗೆ ಸಹಾಯ ಮಾಡುವ ಗುಣ ದೊಡ್ಡದು ಎಂದು ನನ್ನ ಬೆನ್ನು ತಟ್ಟಿದರು. ಆ ಸಬ್ಜೆಕ್ಟಿನಲ್ಲಿ ನನಗೆ ಸಿಕ್ಕ ಹೊಗಳಿಕೆ ಅದೊಂದೇ.

ಸಂಜೆ ಮೈಸೂರು ರಸ್ತೆಯಲ್ಲಿ ಬಸ್ಸಿಗೆ ಕಾಯುವಾಗ ತಡೆಯಲಾಗದೆ ಹೇಳಿಬಿಟ್ಟೆ. "ಈರಣ್ಣ, ಆ ಬ್ರಾಕೆಟ್ ತೆಗೆದಿದ್ದು ನಾನೇ ಕಣೋ."

"ಗೊತ್ತೈತ್ರಿ," ಎಂದ ಅವನು, ಬಸ್ಸು ಬರುವ ದಿಕ್ಕಿಗೆ ನೋಡುತ್ತಾ. "ಹೊರಗ ಕಿಟಕ್ಯಾಗಿಂದ ನೋಡಿದ್ನಿ. ನಿಮಗ ಅದು ತಿಳೀಲಾರದ್ದಕ್ಕ ಸಿಟ್ಟು ಬಂದೈತಿ ಅನಿಸ್ತು. ಅದಕ್ಕ ತೋರ್ಸಾಕ ಕರದ್ನಿ."

ಬಸ್ಸು ಬಂತು. ಅವನು ಹತ್ತಿ ನನಗೂ ಸೀಟು ಹಿಡಿದ. ನಾನು ಪಕ್ಕದಲ್ಲಿ ಕುಳಿತು ಕಿಟಕಿಯ ಕಡೆ ಮುಖ ತಿರುಗಿಸಿದೆ. ಅಲ್ಲಿಯವರೆಗೆ ಅವನ ಬುದ್ಧಿಗೆ ಮಾತ್ರ ಹೊಟ್ಟೆ ಉರಿದುಕೊಂಡರೆ ಸಾಕಿತ್ತು. ಇನ್ನು ಮುಂದೆ ಅವನ ಗುಣಕ್ಕೂ ಉರಿದುಕೊಳ್ಳಬೇಕಲ್ಲ ಎಂದು ನೆನೆದೇ ನನಗೆ ಸುಸ್ತಾಗಿತ್ತು.