ನಮ್ಮತ್ತೆಗೆ ಉಪ್ಪು ಸರಿಹೋಗುವುದಿಲ್ಲ

ನಮ್ಮ ಸೋದರತ್ತೆಯ ನಾಲಿಗೆಗೆ ಒಪ್ಪುವ ಉಪ್ಪನ್ನು ಯಾವ ಸಮುದ್ರವೂ ಇನ್ನೂ ಕೊಟ್ಟಿಲ್ಲ! ಮದುವೆಯೂಟವಿರಲಿ, ದೇವರ ಪ್ರಸಾದವಿರಲಿ, ಒಂದು ತುತ್ತು ಬಾಯಿಗಿಟ್ಟು, ಕಣ್ಣು ಮುಚ್ಚಿ ತೀರ್ಪು ಕೊಡುತ್ತಾರೆ: "ಉಪ್ಪು ಸರಿಯಿಲ್ಲ." ಕಡಿಮೆಯೋ ಜಾಸ್ತಿಯೋ ಎಂದರೆ, "ಮಾಡಿದೋರಿಗೆ ಗೊತ್ತಿರ್ಬೇಕು," ಎನ್ನುತ್ತಾರೆ. ಅವರ ಬಾಯಿಂದ ಒಂದೇ ಒಂದು 'ಚೆನ್ನಾಗಿದೆ' ಕೇಳಲು ನನ್ನ ಹೆಂಡತಿ ಮದುವೆಯಾದಾಗಿನಿಂದ ಕಾದಿದ್ದಳು.

ಇಂಥ ಅತ್ತೆ ಭದ್ರಾವತಿಯ ಓಲ್ಡ್ ಟೌನ್‌ನಿಂದ ಶಿವಮೊಗ್ಗದ ರವೀಂದ್ರನಗರದ ನಮ್ಮ ಮನೆಗೆ ಎರಡು ದಿನ ಇದ್ದು ಹೋಗಲು ಬಂದರು. ಬಂದ ಮರುದಿನವೇ ಲಾಕ್‌ಡೌನ್, ಬಸ್ಸು ಬಂದ್! ಹೆಂಡತಿ ಉಪ್ಪಿನ ಡಬ್ಬಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು.

ಕೆಲವೇ ವಾರಗಳಲ್ಲಿ ನಮ್ಮ ಆರು ವರ್ಷದ ಮಗಳು ನಿಧಿಯ ದಿನಚರಿ ತಲೆಕೆಳಗಾಯಿತು. ಶಾಲೆಯಿಲ್ಲ, ಬೀದಿಯಲ್ಲಿ ಆಟವಿಲ್ಲ. ಬೆಳಗಾಗುವುದು ಹತ್ತೂವರೆಗೆ, ತಿಂಡಿಯೆಂದರೆ ಬಿಸ್ಕತ್ತು. ಊಟಕ್ಕೆ ಕೂತರೆ ನೀರಿನ ಲೋಟಕ್ಕೆ ಒರಗಿಸಿದ ಮೊಬೈಲು ಎದುರಿಗಿರಬೇಕು. ಅದು ನಿಂತರೆ ಇವಳ ಬಾಯಿ ಮುಚ್ಚಿತು! ಮಗು ದಿನೇ ದಿನೇ ಸಪ್ಪಗಾಗುವುದನ್ನು ನೋಡಿ ನಮಗೆ ಹೆದರಿಕೆಯಾಗಿತ್ತು.

ಅತ್ತೆ ಒಂದು ಮಧ್ಯಾಹ್ನ ಇದನ್ನು ಸುಮ್ಮನೆ ನೋಡಿದರು. ಆಮೇಲೆ ಒಂದು ತುತ್ತು ಮೊಸರನ್ನ ತೆಗೆದು ಮೊಬೈಲಿನ ಮುಖಕ್ಕೇ ಒತ್ತಿಬಿಟ್ಟರು!

"ಅಯ್ಯೋ, ಏನ್ ಮಾಡ್ತಿದೀರ ಅತ್ತೆ?" ಹೆಂಡತಿ ಕೂಗಿದಳು.

"ಪಾಪ, ಅರ್ಧ ಗಂಟೆಯಿಂದ ಒಂದೇ ಸಮ ಮಾತಾಡ್ತಿದೆ, ಹಸಿವಾಗಿರಲ್ವಾ?" ಎಂದರು ಅತ್ತೆ. ತುತ್ತು ಜಾರಿ ಕೆಳಗೆ ಬಿತ್ತು. "ನೋಡು, ಅದಕ್ಕೂ ಬೇಡ್ವಂತೆ. ಉಪ್ಪು ಸರಿಯಿಲ್ಲ."

ನಿಧಿ ಎಷ್ಟೋ ದಿನಗಳ ಮೇಲೆ ಬಿದ್ದು ಬಿದ್ದು ನಕ್ಕಳು.

ಅಂದು ಸಂಜೆಯೇ ಕೈತುತ್ತು ಶುರು. ಅತ್ತೆ ದೊಡ್ಡ ಬೋಗುಣಿಯಲ್ಲಿ ಸಾರನ್ನ ಕಲಸಿಕೊಂಡು ನಡುಮನೆಯಲ್ಲಿ ಕೂತರು. ನಾವು ಮೂವರು ಸುತ್ತಲೂ ಕೂತು, ಸರದಿ ಬಂದಾಗ ಕೈ ಚಾಚಬೇಕು. ಚಾಚದಿದ್ದರೆ ತುತ್ತು ಪಕ್ಕದವರಿಗೆ. ಕರೆಯುವುದಿಲ್ಲ, ಕಾಯುವುದಿಲ್ಲ, ಪುಸಲಾಯಿಸುವ ಮಾತಂತೂ ಇಲ್ಲವೇ ಇಲ್ಲ! ಮೊಬೈಲಿನಲ್ಲಿ ಮುಳುಗಿದ್ದ ನಿಧಿಯ ತುತ್ತುಗಳೆಲ್ಲ ಪಕ್ಕದಲ್ಲಿದ್ದ ನನ್ನ ಪಾಲಾದವು.

"ಅತ್ತೆ, ಸಾಕು, ಹೊಟ್ಟೆ ಒಡೆಯುತ್ತೆ!"

"ಒಡೀಲಿ ಬಿಡು ಮಾರಾಯ, ಒಳ್ಳೇ ಕೆಲಸಕ್ಕೆ ಒಡೀತಿದೆ."

"ಅಪ್ಪ ನನ್ನ ತುತ್ತು ತಿಂದ!" ಎಂದು ಕೊನೆಗೂ ಕಿರುಚಿ ನಿಧಿ ಎರಡೂ ಕೈ ಚಾಚಿದಳು. ಮೊಬೈಲು ಸೋಫಾದ ಕೆಳಗೆ ಹೋಯಿತು. ಮೊದಲು ಎದ್ದವರಿಗೆ ಮೊದಲ ದೋಸೆ ಎಂದು ಅತ್ತೆ ಸಾರಿದ ಮೇಲೆ ಮಗಳು ಹಾಲಿನವನಿಗಿಂತ ಮೊದಲೇ ಏಳತೊಡಗಿದಳು. ಮಗು ಚೇತರಿಸಿಕೊಂಡಿತು. ನನ್ನ ಪ್ಯಾಂಟುಗಳು ಮಾತ್ರ ಇಂದಿಗೂ ಚೇತರಿಸಿಕೊಂಡಿಲ್ಲ.

ಬಸ್ಸು ಬಿಟ್ಟ ಮೇಲೆ ಅತ್ತೆ ಊರಿಗೆ ಹೋದರು. ಮರುವರ್ಷ ಕೊರೊನಾದ ಎರಡನೇ ಅಲೆ ಅವರನ್ನೂ ಬಿಡಲಿಲ್ಲ. ಜ್ವರ ಇಳಿದರೂ ಊಟ ಸೇರದೆ ಸೊರಗಿದ್ದರು. ನಾನೇ ಹೋಗಿ ನಮ್ಮ ಮನೆಗೆ ಕರೆತಂದೆ. ಹೆಂಡತಿ ಬಿಸಿ ಸಾರು ಬಡಿಸಿದಳು. ಅತ್ತೆ ಒಂದು ತುತ್ತು ಬಾಯಿಗಿಟ್ಟು, "ಚೆನ್ನಾಗಿದೆ ಕಣಮ್ಮ," ಎಂದು ತಟ್ಟೆ ಸರಿಸಿದರು.

ಹೆಂಡತಿ ನನ್ನನ್ನು ಅಡುಗೆಮನೆಗೆ ಕರೆದು ಹೆದರಿ ಅತ್ತಳು. "ರೀ, ಅತ್ತೆ ಚೆನ್ನಾಗಿದೆ ಅಂದ್ರು ರೀ!"

"ಬಾಯಿಗೆ ಏನೂ ಗೊತ್ತಾಗ್ತಿಲ್ಲ ಮಾರಾಯ, ಮಣ್ಣು ತಿಂದಂಗಾಗುತ್ತೆ," ಎಂದು ನಾನು ಹೊರಗೆ ಬಂದಾಗ ಅತ್ತೆ ಮೆಲ್ಲಗೆ ಹೇಳಿದರು.

ಆಗ ನಿಧಿ ಬೋಗುಣಿ ಎತ್ತಿಕೊಂಡು ಬಂದಳು. ಅನ್ನಕ್ಕೆ ಸಾರು ಸುರಿದು, ತನಗೆ ತೋಚಿದಷ್ಟು ಉಪ್ಪು ಹಾಕಿ ಕಲಸಿದಳು. "ಅಜ್ಜಿ, ಕೈ ಚಾಚು. ಇಲ್ಲಾಂದ್ರೆ ನಿನ್ನ ತುತ್ತು ಅಪ್ಪಂಗೆ!" ಅತ್ತೆ ನನ್ನ ಹೊಟ್ಟೆಯನ್ನೊಮ್ಮೆ ನೋಡಿ ಕೈ ಚಾಚಿದರು. ದಿನವೂ ಹೀಗೇ ನಡೆಯಿತು. ಉಪ್ಪುಪ್ಪಾದ ಆ ಅನ್ನವನ್ನು ನಾವೆಲ್ಲ ಗೊಣಗದೆ ನುಂಗಿದೆವು.

ಒಂದು ಸಂಜೆ ಅತ್ತೆ ತುತ್ತು ಬಾಯಿಗಿಟ್ಟವರು ಮುಖ ಹಿಂಡಿದರು.

"ಏನೇ ಇದು? ಉಪ್ಪು ಸರಿಯಿಲ್ಲ!"

ಹೆಂಡತಿ ಅವರ ಎಂಜಲು ಕೈಯನ್ನೇ ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಇನ್ನೊಂದ್ಸಲ ಹೇಳಿ ಅತ್ತೆ."