ಮಗುವಿನ ಕೋಣೆಗೆ ಇಲಾಖೆಯ ತಕ್ಕಡಿ

ತೂಕ ಮತ್ತು ಅಳತೆ ಕಚೇರಿಯ ಟಪಾಲು ಗುಮಾಸ್ತನ ಮನೆಯಲ್ಲಿ, ಇನ್ನೆರಡು ತಿಂಗಳಲ್ಲಿ ಹುಟ್ಟಲಿರುವ ಮಗುವಿಗಾಗಿ, ಹಿಂಬದಿಯ ಎಂಟಡಿ-ಆರಡಿ ಕೋಣೆಯನ್ನು ಆದಷ್ಟು ಅಗ್ಗದಲ್ಲಿ ಅಲಂಕರಿಸತಕ್ಕದ್ದೆಂದು ಒಂದು ಭಾನುವಾರ ಸರ್ವಾನುಮತದಿಂದ ತೀರ್ಮಾನವಾಯಿತು. ಸಭೆಯಲ್ಲಿ ಗಂಡ, ಹೆಂಡತಿ ಇಬ್ಬರೇ ಇದ್ದರು.

ಹೆಂಡತಿ ಶಾಲೆಯ ಮೇಡಂ. ಯಾವುದೋ ಪತ್ರಿಕೆಯಿಂದ ಕತ್ತರಿಸಿದ ಚಿತ್ರವನ್ನು ಅಡುಗೆಮನೆಯ ಗೋಡೆಗೆ ಅಂಟಿಸಿಕೊಂಡಿದ್ದಳು: ಹಳದಿ ಗೋಡೆ, ಬಿಳಿ ತೊಟ್ಟಿಲು, ಚಂದ್ರನ ಆಕಾರದ ದೀಪ. ಐದು ಜನ ಒಟ್ಟಿಗೆ ಮಲಗುವ ಕೋಣೆಯಲ್ಲಿ ಬೆಳೆದವಳು ಪಾಪ. ತನ್ನ ಮಗುವಿಗಾದರೂ ತನ್ನದೇ ಅನ್ನುವ ಒಂದು ಮೂಲೆ ಇರಲಿ ಅನ್ನುವುದು ಅವಳ ಆಸೆ. ಗುಮಾಸ್ತ ಚಿತ್ರ ನೋಡಿದ, ಜೇಬು ಮುಟ್ಟಿ ನೋಡಿಕೊಂಡ, "ಆಗಲಿ ಕಣೆ" ಅಂದ.

ಪಕ್ಕದ ಮನೆಯವರು ಬಳಿದು ಮಿಕ್ಕಿದ್ದ ಹಳದಿ ಬಣ್ಣ ಅರ್ಧ ಡಬ್ಬಿ ಸಿಕ್ಕಿತು. ಸಾಲದ್ದಕ್ಕೆ ಕಚೇರಿಯ ಕಿಟಕಿಗೆ ಬಳಿದು ಉಳಿದ ನೀಲಿಯನ್ನು ಬೆರೆಸಿದ್ದಾಯಿತು. ಗೋಡೆ ಪಾಚಿ ಕಟ್ಟಿದ ಬಾವಿಯ ಹಾಗೆ ಕಂಡರೂ, ಒಳ್ಳೆಯದಾಗೇ ಇದೆ ಎಂದು ಇಬ್ಬರೂ ಒಪ್ಪಿಕೊಂಡರು. ಚಂದ್ರ ರಟ್ಟಿನಲ್ಲಿ ತಯಾರಾದ. ಉಳಿದದ್ದು ತೊಟ್ಟಿಲು. ಅದರ ಬೆಲೆ ಅಂಗಡಿಯಲ್ಲಿ ಕೇಳಿ ಬಂದ ದಿನ ಗುಮಾಸ್ತ ಮತ್ತೊಮ್ಮೆ ಜೇಬು ಮುಟ್ಟಿ ನೋಡಿಕೊಂಡ. ಮರುದಿನ ನೇರವಾಗಿ ಕಚೇರಿಯ ಉಗ್ರಾಣಕ್ಕೆ ಹೋದ.

"ತೊಟ್ಟಿಲು ಇಲ್ಲಿಗೆಲ್ಲಿಂದ ಬರಬೇಕಯ್ಯ?" ಅಂದರು ಉಗ್ರಾಣದವರು. "ಆ ಹಳೇ ತಕ್ಕಡಿ ಇದೆ ನೋಡು, ಮೂಟೆ ತೂಗೋದು. ತಟ್ಟೆ ಅಗಲ, ಸರಪಳಿ ಗಟ್ಟಿ. ಎರವಲು ಅಂತ ಬರೆದು ಎತ್ತಿಕೊಂಡು ಹೋಗು."

"ಪೂರ್ತಿ ಕೊಟ್ಟುಬಿಡೋಕೆ ಆಗಲ್ವಾ ಅಣ್ಣಾ?"

"ಕೊಡೋದಾ? ಈ ಇಲಾಖೆ ಯಾರಿಗಾದರೂ ಏನಾದರೂ ಕೊಟ್ಟಿದ್ದು ನೀನು ನೋಡಿದ್ದೀಯಾ?"

ತಕ್ಕಡಿ ಮನೆಗೆ ಬಂತು. ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ರೀ, ಹುಟ್ಟೋದು ಮಗುವೋ, ಈರುಳ್ಳಿಯೋ?"

ಗುಮಾಸ್ತ ತಟ್ಟೆಯನ್ನು ಉಜ್ಜಿ ತೊಳೆದ, ತೊಲೆಗೆ ನೇತುಹಾಕಿದ, ಒಳಗೆ ಹತ್ತಿಯ ಹಾಸಿಗೆ ಹೊಲಿದು ಕೂರಿಸಿದ, ಸರಪಳಿಗೆಲ್ಲ ಬಿಳಿ ರಿಬ್ಬನ್ ಸುತ್ತಿದ. ಸಂಜೆ ಹೆಂಡತಿ ಸುಮ್ಮನೆ ಬಂದು ಬೆರಳಲ್ಲಿ ಒಮ್ಮೆ ತೂಗಿ ನೋಡಿದಳು. "ಪರವಾಗಿಲ್ಲ ಬಿಡಿ" ಅಂದಳು. ಕಣ್ಣು ಒದ್ದೆಯಾಗಿತ್ತು.

ಹೆಣ್ಣು ಮಗು ಹುಟ್ಟಿತು. ಆ ತಟ್ಟೆ ಬಿಟ್ಟು ಬೇರೆಲ್ಲಿ ಮಲಗಿಸಿದರೂ ಬೀದಿ ಒಂದಾಗುವ ಹಾಗೆ ಅಳುತ್ತಿತ್ತು; ತಟ್ಟೆಗೆ ಹಾಕಿದರೆ ಸಾಕು, ತೆಪ್ಪಗೆ ನಿದ್ದೆ.

ಮಗುವಿಗೆ ಹನ್ನೊಂದು ದಿನವಾದಾಗ ಎರವಲು ಸಾಮಾನಿನ ನಮೂನೆ ತುಂಬಿ ಕಳಿಸುವ ದಿನ ಬಂತು. ಅದರಲ್ಲಿ "ತಟ್ಟೆಯಲ್ಲಿ ಸದ್ಯ ಇರುವ ವಸ್ತು" ಎಂಬ ಕಲಂ ಇದೆ. ಲೋಕದಲ್ಲಿ ಎಲ್ಲರೂ ಅದನ್ನು ಖಾಲಿ ಬಿಡುತ್ತಾರೆ. ಆದರೆ ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ನಮ್ಮ ಗುಮಾಸ್ತ ಒಂದು ಕಲಂ ಖಾಲಿ ಬಿಟ್ಟವನಲ್ಲ. ದುಂಡಗೆ ಬರೆದ: "ಮಗು, ಒಂದು."

ನಮೂನೆ ಕಳಿಸಿದ ನಾಲ್ಕನೆಯ ದಿನ ಇಲಾಖೆಯ ಇನ್ಸ್‌ಪೆಕ್ಟರ್ ಸಾಹೇಬರು ಚೀಲದೊಂದಿಗೆ ಬಂದರು. ಕಾಫಿ ಕುಡಿದರು. ನಿಯಮ ಓದಿದರು:

"ಇಲಾಖೆಯ ತಕ್ಕಡಿಯ ತಟ್ಟೆಯಲ್ಲಿ ಇಪ್ಪತ್ನಾಲ್ಕು ಗಂಟೆಗೂ ಮೀರಿ ಇರುವ ಯಾವುದೇ ಪದಾರ್ಥವನ್ನು ತೂಕದ ಕಲ್ಲು ಎಂದು ಭಾವಿಸಿ, ತೂಗಿ, ಮುದ್ರೆ ಒತ್ತತಕ್ಕದ್ದು."

"ಸಾರ್, ಅದು ಕಲ್ಲಲ್ಲ, ಕೂಸು!" ಅಂದಳು ಹೆಂಡತಿ.

"ನನಗೂ ಮಕ್ಕಳಿದ್ದಾರೆ ತಾಯಿ. ಆದರೆ ನಿಯಮದಲ್ಲಿ ಕಲ್ಲು ಅಂತಿದೆ, ಕೂಸು ಅಂತ ಇಲ್ಲ. ಇಲ್ಲದ್ದನ್ನ ನಾನೆಲ್ಲಿಂದ ತರಲಿ? ಮುದ್ರೆ ಬೇಡ ಅಂದ್ರೆ ತಕ್ಕಡಿ ವಾಪಸ್ ಕೊಟ್ಟುಬಿಡಿ."

ಗುಮಾಸ್ತ ಮಗುವನ್ನು ಎತ್ತಿಕೊಂಡ. ಮನೆ ಮಾಡು ಹಾರಿಹೋಗುವ ಹಾಗೆ ಕಿರುಚಿತು. ವಾಪಸ್ ಹಾಕಿದ. "ಮುದ್ರೆಯೇ ಆಗಲಿ ಸಾರ್" ಅಂದ. ಮೂರು ಕಿಲೋ ಇನ್ನೂರು ಗ್ರಾಂ ಎಂದು ದಾಖಲಾಯಿತು, ಎಡಗಾಲಿನ ಅಂಗಾಲಿಗೆ ನೇರಳೆ ಶಾಯಿಯ ಮುದ್ರೆ ಬಿತ್ತು. ಕೈ ಒರೆಸಿಕೊಳ್ಳಲೆಂದು ಸಾಹೇಬರು ಮಗುವಿನ ಎಂಟು ಹೊಸ ಟವೆಲ್ಲುಗಳನ್ನು ಕೇಳಿ ಪಡೆದರು. ಎಂಟೂ ಅವರ ಚೀಲದಲ್ಲೇ ಹೋದವು. ಕೈ ಎರಡೇ ಆದರೂ ಜವಾಬ್ದಾರಿ ಹೆಚ್ಚು.

ಆರು ತಿಂಗಳಿಗೆ ಮರುಪರಿಶೀಲನೆ. ಸಾಹೇಬರು ತೂಗಿದರು, ಕನ್ನಡಕ ಒರೆಸಿದರು, ಮತ್ತೆ ತೂಗಿದರು. ಆರು ಕಿಲೋ ಒಂಬೈನೂರು.

"ಕಡಿಮೆಯಾದ ಕಲ್ಲು ಬೇಕಾದಷ್ಟು ನೋಡಿದ್ದೀನಿ ಕಣ್ರೀ, ಹೆಚ್ಚಾದದ್ದು ಇದೇ ಮೊದಲು," ಅಂದರು ನೊಂದು. "ಅದೂ ನಮ್ಮ ನೌಕರನ ಮನೆಯಲ್ಲೇ!"

ಮರುದಿನ ನೋಟೀಸು ಬಂತು. ಟಪಾಲು ಗುಮಾಸ್ತನಾದ್ದರಿಂದ ತನಗೆ ಬಂದ ನೋಟೀಸನ್ನು ತಾನೇ ರವಾನಿಸಿಕೊಂಡ. ಮುದ್ರೆಯಾದ ತೂಕಕ್ಕಿಂತ ಮೂರು ಕಿಲೋ ಏಳುನೂರು ಗ್ರಾಂ ಅಕ್ರಮವಾಗಿ ಹೆಚ್ಚಿರುವ ಬಗ್ಗೆ ಮೂರು ದಿನದೊಳಗೆ ಸಮಜಾಯಿಷಿ ಸಲ್ಲಿಸತಕ್ಕದ್ದು. ತಪ್ಪಿದಲ್ಲಿ ಕಲ್ಲನ್ನು ಜಪ್ತಿ ಮಾಡಿ, ಹೆಚ್ಚುವರಿ ತೂಕವನ್ನು ಅರದಿಂದ ಉಜ್ಜಿ ತೆಗೆಯಲಾಗುವುದು.

ಅರ ಅಂದರೆ ಕಬ್ಬಿಣ ಉಜ್ಜುವ ಅರ. ಕಚೇರಿಯಲ್ಲಿ ಅದು ಕೆಲಸ ಮಾಡುವುದನ್ನು ಗುಮಾಸ್ತ ದಿನಾ ನೋಡುತ್ತಿದ್ದ. ಊಟ ಬಿಟ್ಟು ಬರೆಯಲು ಕೂತ:

"ಮಾನ್ಯರೇ, ಮೇಲ್ಕಂಡ ಕಲ್ಲಿಗೆ ದಿನಕ್ಕೆ ಎಂಟು ಸಲ ಹಾಲು ಕೊಟ್ಟದ್ದು ನಮ್ಮ ಕುಟುಂಬದಿಂದಾದ ಅಚಾತುರ್ಯ. ಯಾವುದೇ ದುರುದ್ದೇಶ ಇರಲಿಲ್ಲ. ಇನ್ನು ಮುಂದೆ ಸದರಿ ಕಲ್ಲು ಬೆಳೆಯದಂತೆ ನೋಡಿಕೊಳ್ಳುತ್ತೇವೆ."

ಹೆಂಡತಿ ಮಗುವಿಗೆ ಹಾಲು ಕೊಡುತ್ತಲೇ ಓದಿದಳು. "ಸದ್ಯ, ವಿನಯವಾಗಿ ಬರೆದಿದ್ದೀರಿ" ಎಂದು ಕೆಳಗೆ ತಾನೂ ಸಹಿ ಹಾಕಿದಳು.

ಸಮಜಾಯಿಷಿ ತೃಪ್ತಿಕರವೆಂದು ತೀರ್ಮಾನವಾಯಿತು. ಸಾಹೇಬರು ಖುದ್ದಾಗಿ ಬಂದು, "ಈ ಸಲ ಮಾತ್ರ" ಎಂದು ಹೇಳಿ, ಬಲಗಾಲಿಗೆ ಹೊಸ ತೂಕದ ಮುದ್ರೆ ಒತ್ತಿದರು. ಮಗು ಕಾಲು ಝಾಡಿಸಿ ನಕ್ಕಿತು. ಅದನ್ನು ಷರಾದಲ್ಲಿ ಬರೆದುಕೊಂಡರು. ಬಾಗಿಲ ಹತ್ತಿರ ನಿಂತು, "ತಾಯಿ, ಹಲ್ಲು ಬರೋ ಹಾಗಿದ್ರೆ ಮುಂಚೆಯೇ ತಿಳಿಸಿ. ಅದಕ್ಕೆ ಬೇರೆ ಅರ್ಜಿ ಇದೆ," ಅಂದರು.

"ಆಗಲಿ ಸಾರ್," ಅಂದಳು ಹೆಂಡತಿ, ಮಗುವಿನ ಬಾಯಿಗೆ ಬೆರಳಿಟ್ಟು ಒಸಡು ನೋಡುತ್ತಾ. "ಒಂದೊಂದು ಹಲ್ಲಿಗೂ ಬೇರೆ ಬೇರೆ ಹಾಕಬೇಕಾ, ಎಲ್ಲಾ ಸೇರಿಸಿ ಒಂದೇ ಸಾಕಾ?"